ಹ್ಞೂಂ ಅಂದವರು ಯಾರು

ನಿವೃತ್ತಿಯಾದ ವರ್ಷ ನಾನು ಮನೆಯವರಿಗೆ ಬಹಳ ಕಾಟ ಕೊಟ್ಟೆ. ಮೂವತ್ತೊಂದು ವರ್ಷ ಚಿಂತಾಮಣಿಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸಿದವಳಿಗೆ ಇದ್ದಕ್ಕಿದ್ದಂತೆ ತಿದ್ದಲು ಏನೂ ಇಲ್ಲವೆಂದರೆ ಹೇಗಾಗಬೇಡ? ಮದುವೆಯ ಕರೆಯೋಲೆ ಬಂದರೆ ಕೆಂಪು ಪೆನ್ನು ಹುಡುಕುತ್ತಿದ್ದೆ. ಹಿಟ್ಟಿನ ಗಿರಣಿಯವನ ಬೋರ್ಡಿನಲ್ಲಿ ‘ಶುದ್ದ’ ಎಂದಿದ್ದುದಕ್ಕೆ ಮಹಾಪ್ರಾಣದ ಮಹತ್ವ ವಿವರಿಸಲು ಹೋಗಿ, ಆ ಸಿಟ್ಟಿಗೆ ಅವನು ತರಿತರಿಯಾಗಿ ಬೀಸಿಕೊಟ್ಟ ರಾಗಿ ಹಿಟ್ಟು ಹೊತ್ತುಕೊಂಡು ಬಂದೆ. ಇವಳಿಗೆ ಯಾರಾದರೂ ಏನಾದರೂ ಕೆಲಸ ಕೊಡಲಿ ಎಂದು ನಮ್ಮ ಯಜಮಾನರು ದೇವರ ಮನೆಯಲ್ಲಿ ನನಗೆ ಕೇಳಿಸುವ ಹಾಗೆಯೇ ಬೇಡಿಕೊಂಡರು.

ಅದೇ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಂಪು, ಹಳದಿ ಕ್ಯಾಪ್ಸಿಕಂ ತುಂಬಿದ ಚೀಲ ಹಿಡಿದು ಬಂದ. ಕೆಂಚಾರ್ಲಹಳ್ಳಿ ಕಡೆಯ ರಸ್ತೆಯಲ್ಲಿ ಅವನದು ಮೂರು ಪಾಲಿಹೌಸು; ಪ್ಲಾಸ್ಟಿಕ್ ಚಾವಣಿಯ ಕೆಳಗೆ ಬಣ್ಣದ ಕ್ಯಾಪ್ಸಿಕಂ ಬೆಳೆಯುತ್ತಾನೆ. ಸುತ್ತಲಿನ ಹಳ್ಳಿಗಳಿಂದ ಮೂವತ್ತು ಮೂವತ್ತೈದು ಹೆಂಗಸರು ಟೆಂಪೋದಲ್ಲಿ ಬಂದು ಕೆಲಸ ಮಾಡುತ್ತಾರೆ. ಅವನ ಕಾಯಿ ಕೊಳ್ಳುವ ಬೆಂಗಳೂರಿನ ಕಂಪನಿಯವರು ಒಂದು ಫಾರಂ ಕಳಿಸಿದ್ದರು. ಅದರಲ್ಲಿ, ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳವಾದರೆ ದೂರು ಕೇಳಲು ಸಮಿತಿ ಇದೆಯೇ ಎಂದೊಂದು ಪ್ರಶ್ನೆ. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಸಮಿತಿ ಇರಲೇಬೇಕು, ಅದರಲ್ಲಿ ಹೊರಗಿನವರೊಬ್ಬರು ಇರಲೇಬೇಕು ಎಂದು ಕಾನೂನಂತೆ.

“ಮಿಸ್, ನೀವು ಬರೀ ಒಂದು ಸೈನ್ ಹಾಕಿದ್ರೆ ಸಾಕು. ನಮ್ಮ ತೋಟದಲ್ಲಿ ಅಂಥದ್ದೆಲ್ಲ ಇಲ್ವೇ ಇಲ್ಲ,” ಎಂದ.

ನಾನು ಏನನ್ನೂ ವಿಚಾರಿಸದೆ ಸೈನ್ ಹಾಕಿದೆ. ಒಪ್ಪಿಕೊಳ್ಳುತ್ತೇನೆ, ‘ಬಾಹ್ಯ ಸದಸ್ಯೆ’ ಎಂಬ ಪದದ ಎದುರು ನನ್ನ ಹೆಸರು ಅಚ್ಚಾಗಿದ್ದು ಬಹಳ ಚೆನ್ನಾಗಿ ಕಂಡಿತು. ಇಲ್ಲಿ ಮಾತ್ರ ಯಾರ ಹೆಸರನ್ನೂ ಬರೆಯುವುದಿಲ್ಲ. ಬರೆಯಬಾರದೆಂದು ಕಾನೂನಿದೆ. ಚಿಂತಾಮಣಿಯಲ್ಲಿ ಎಲ್ಲರಿಗೂ ಗೊತ್ತು ಎಂಬುದು ಬೇರೆ ಮಾತು.

ಮೊದಲ ಸಭೆಗೆ ಹೋದ ದಿನ ಆಫೀಸು ಕೋಣೆಯ ಮುಂದೆ ಹೆಂಗಸರ ಗುಂಪು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿತ್ತು. ನನ್ನನ್ನು ಕಂಡು ಸಂತೋಷವಾಗಿದೆ ಎಂದುಕೊಂಡು ನಾನೂ ನಗುತ್ತ ಕೈಮುಗಿದು ಒಳಗೆ ಹೋದೆ. ಸಮಿತಿಯಲ್ಲಿ ನಾವು ನಾಲ್ಕು ಜನ. ಓನರನ ಹೆಂಡತಿ ಅಧ್ಯಕ್ಷೆ. ರೇಷ್ಮೆ ಸೀರೆ ಉಟ್ಟು, ದೀಪ ಹಚ್ಚಲು ಬೆಂಕಿಪೊಟ್ಟಣ ಹಿಡಿದು ಕೂತಿದ್ದರು. ತೋಟದ ಗುಮಾಸ್ತರು ನಡಾವಳಿ ಬರೆಯುವವರು. ಕೆಲಸದವರ ಪರವಾಗಿ ಅಲ್ಲಿನ ಎಲ್ಲರಿಗಿಂತ ಹಿರಿಯಳಾದ ಹೆಂಗಸು. ಅರವತ್ತರ ಹತ್ತಿರದವಳು, ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ನಾಲ್ಕನೆಯವಳು ನಾನು. ಒಂದು ಗಂಟೆ ಕೂತೆವು, ಯಾರೂ ಬರಲಿಲ್ಲ. ಬಾಳೆಹಣ್ಣು, ಖಾರದ ಮಿಕ್ಸ್ಚರು ತಿಂದೆವು. ಯಾವ ದೂರೂ ಇಲ್ಲದ ಕಾರಣ ಸಭೆ ವಂದನಾರ್ಪಣೆಯೊಂದಿಗೆ ಮುಗಿಯಿತು ಎಂದು ಗುಮಾಸ್ತರು ಬರೆದರು. ಮುಂದಿನ ಎರಡು ವಾರವೂ ಹಾಗೆಯೇ ಆಯಿತು. ಮಿಕ್ಸ್ಚರು ಮಾತ್ರ ಒಂದು ವಾರ ಬದಲಾಗಿ ಬೆಣ್ಣೆ ಮುರುಕು ಬಂದಿತ್ತು.

ಮೂರನೆಯ ಸಭೆ ಮುಗಿಸಿ ಗೇಟಿನ ಬಳಿ ಆಟೋಗೆ ಕಾಯುತ್ತಿದ್ದಾಗ, ಈ ಹೆಂಗಸರು ನನ್ನನ್ನು ಕಂಡರೆ ಯಾಕೆ ನಗುತ್ತಾರೆ ಎಂದು ದೊಡ್ಡಮ್ಮನನ್ನು ಕೇಳಿದೆ. ಅವಳು ಗೇಟಿಗೆ ತಗುಲಿಸಿದ್ದ ಸಮಿತಿಯ ಬೋರ್ಡಿನ ಕಡೆ ಕೈ ತೋರಿಸಿದಳು. ಜಗತ್ತಿನ ಬೋರ್ಡುಗಳನ್ನೆಲ್ಲ ತಿದ್ದುವ ನಾನು ಇದನ್ನು ಓದಿರಲೇ ಇಲ್ಲ. ‘ಲೈಂಗಿಕ ಕಿರುಕುಳ ತಡೆ ಸಮಿತಿ’ ಎಂದು ಬರೆಯಲು ಹೇಳಿದ್ದರಂತೆ. ಹಲಗೆ ಚಿಕ್ಕದಾಗಿದ್ದರಿಂದ ಪೇಂಟರು ‘ತಡೆ’ ಬಿಟ್ಟುಬಿಟ್ಟಿದ್ದ. ‘ಲೈಂಗಿಕ ಕಿರುಕುಳ ಸಮಿತಿ. ಪ್ರತಿ ಮಂಗಳವಾರ ಮಧ್ಯಾಹ್ನ 3ರಿಂದ 4. ಎಲ್ಲರಿಗೂ ಸ್ವಾಗತ.’

“ಓದಕ್ಕೆ ಬರೋ ಹುಡುಗೀರು ಓದಿ ಹೇಳಿದ್ರು ಮೇಡಂ. ನಮ್ಮ ಸೂಪರ್‌ವೈಸರು ದಿನಾ ಬೆಳಿಗ್ಗೆಯಿಂದ ಸಂಜೆ ತಂಕ ಮಾಡ್ತಾನೆ. ಇನ್ಮೇಲೆ ವಾರಕ್ಕೆ ಒಂದೇ ಗಂಟೆ ಅಂತ ಗೌರ್ಮೆಂಟು ಆರ್ಡರ್ ಆಗಿದ್ಯಾ?” ಎಂದಳು ದೊಡ್ಡಮ್ಮ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

ನನಗೆ ನಗು ಬಂತು. ಬಂದ ನಗು ಅರ್ಧಕ್ಕೇ ನಿಂತಿತು. ಮೂರು ವಾರ ಈ ಹೆಂಗಸು ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಬಾಳೆಹಣ್ಣು ತಿಂದಿದ್ದಾಳೆ. ನಾನು ಅವಳನ್ನು ಒಂದು ಮಾತು ಕೇಳಿರಲಿಲ್ಲ. ಮೊದಲೇ ಯಾಕೆ ಹೇಳಲಿಲ್ಲ ಎಂದೆ. ನೀವು ಕೇಳಲಿಲ್ಲವಲ್ಲ, ಗುಮಾಸ್ತರು ‘ದೂರು ಇಲ್ಲ’ ಅಂತ ಬರೆದ ಮೇಲೆ ಓದುಬರಹ ಬಾರದ ನಾನು ಇದೆ ಅನ್ನುವುದು ಹೇಗೆ ಎಂದಳು.

ಮರುದಿನವೇ ಬೋರ್ಡಿನಲ್ಲಿ ಒಂದು ಬಾಣದ ಗುರುತು ಹಾಕಿಸಿ ಮೇಲೆ ‘ತಡೆ’ ಬರೆಸಿದೆ. ಮುಂದಿನ ಮಂಗಳವಾರ ಆಫೀಸಿನಲ್ಲಿ ಕೂರದೆ, ಹೆಂಗಸರು ಬುತ್ತಿ ಬಿಚ್ಚುವ ಹೊಂಗೆ ಮರದ ಕೆಳಗೆ ಹೋಗಿ ಕೂತೆ. ಸ್ವಲ್ಪ ಹೊತ್ತು ಮುದ್ದೆ, ಸೊಪ್ಪಿನ ಸಾರಿನ ಮಾತಾಯಿತು. ಆಮೇಲೆ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು.

ಸೂಪರ್‌ವೈಸರಿಗೆ ನಲವತ್ತು ಇರಬಹುದು. ತೋಟಗಾರಿಕೆಯಲ್ಲಿ ಡಿಪ್ಲೊಮಾ, ಹೆಂಡತಿ, ಇಬ್ಬರು ಮಕ್ಕಳು. ಪಾಲಿಹೌಸಿನ ಒಳಗೂ ಕೂಲಿಂಗ್ ಗ್ಲಾಸು ತೆಗೆಯುತ್ತಿರಲಿಲ್ಲ. ಒಮ್ಮೆ ಹಣ್ಣಾದ ಕೆಂಪು ಕಾಯಿ, ಹಣ್ಣಾಗದ ಹಸಿರು ಕಾಯಿ ಒಂದೇ ಎಂದು ಕೀಳಿಸಿದ್ದನಂತೆ. ಮೈಗೆ ಎಷ್ಟು ಸೆಂಟು ಹಾಕುತ್ತಿದ್ದನೆಂದರೆ ಅವನು ನಾಲ್ಕು ಸಾಲು ಆಚೆ ಇರುವಾಗಲೇ ಗೊತ್ತಾಗುತ್ತಿತ್ತು. ವಾಸನೆ ಬಂದ ಕೂಡಲೇ ಒಬ್ಬಳು ಕೆಮ್ಮುವುದು, ಆ ಕೆಮ್ಮು ಸಾಲಿನಿಂದ ಸಾಲಿಗೆ ದಾಟಿ ಎಲ್ಲರೂ ಮೂವರು ಮೂವರಾಗಿ ಒಟ್ಟಿಗೆ ನಿಲ್ಲುವುದು. ಹೊಸದಾಗಿ ಬಂದವರಿಗೆ ಕತ್ತರಿ ಹಿಡಿಯುವುದಕ್ಕೆ ಮೊದಲು ಕೆಮ್ಮು ಕಲಿಸುತ್ತಿದ್ದರಂತೆ. ಇದನ್ನು ಹೇಳುತ್ತ ಅವರು ನಗುತ್ತಿದ್ದರು, ಮಾಡಿಯೂ ತೋರಿಸಿದರು.

ಆದರೆ ವಿಷಯ ನಗುವಂಥದ್ದಲ್ಲ. ಬೆಳಿಗ್ಗೆ ಕೆಲಸ ಹಂಚುವವನು ಅವನೇ. ಕಾಯಿ ಆರಿಸಿ ಬುಟ್ಟಿಗೆ ತುಂಬುವ ಶೆಡ್ಡಿನಲ್ಲಿ ಫ್ಯಾನು, ಕೂರಲು ಸ್ಟೂಲು ಇತ್ತು. ಪಾಲಿಹೌಸಿನ ಒಳಸಾಲುಗಳಲ್ಲಿ ಗಿಡದ ಚಿಗುರು ತೆಗೆಯುವ ಕೆಲಸವೆಂದರೆ ಮಧ್ಯಾಹ್ನದ ಹೊತ್ತಿಗೆ ಇಡ್ಲಿ ಪಾತ್ರೆಯೊಳಗೆ ನಿಂತ ಹಾಗೆ. ‘ಏನ್ ಚಿನ್ನ’ ಎಂದಾಗ ಹಲ್ಲು ತೋರಿಸಿದವಳಿಗೆ ಶೆಡ್ಡು, ಮುಖ ತಿರುಗಿಸಿದವಳಿಗೆ ಒಳಸಾಲು. ಕತ್ತರಿ ಹಿಡಿಯುವುದನ್ನು ಕಲಿಸುತ್ತೇನೆಂದು ಹಿಂದೆ ನಿಂತು ಕೈ ಹಿಡಿಯುತ್ತಿದ್ದ, ಹತ್ತು ವರ್ಷದಿಂದ ಕತ್ತರಿ ಹಿಡಿದವರಿಗೂ ಕಲಿಸುತ್ತಿದ್ದ. ಎಸ್ಸೆಸ್ಸೆಲ್ಸಿ ಪಾಸಾಗಿದ್ದ ಒಬ್ಬ ಹೆಣ್ಣುಮಗಳು ಅವನ ಕೈ ಕೊಡವಿ, ಮೂವರ ಎದುರಿಗೆ, ಬೇಡ ಸರ್, ಮುಟ್ಟಬೇಡಿ ಎಂದು ಹೇಳಿದ್ದಳು. ಅಂದಿನಿಂದ ಎರಡು ತಿಂಗಳು ಅವಳಿಗೆ ಒಳಸಾಲೇ. ಎರಡು ಸಲ ಟೆಂಪೋ ಇಳಿದ ಮೇಲೆ ಇವತ್ತು ನಿನಗೆ ಕೆಲಸವಿಲ್ಲ ಎಂದು ವಾಪಸು ಕಳಿಸಿದ್ದ. ಆರು ಕಿಲೋಮೀಟರು ನಡೆದು ಹೋಗಿದ್ದಳು.

ಅವಳು ಆ ವಾರವೇ ಎರಡು ಪುಟದ ದೂರು ಬರೆದು ತಂದುಕೊಟ್ಟಳು. ಇಲ್ಲಿ ನಾನು ಮಾಡಿದ ಕೆಲಸ ನೆನೆದರೆ ಈಗಲೂ ತಲೆ ತಗ್ಗುತ್ತದೆ. ಓದುತ್ತ ಓದುತ್ತ ನನ್ನ ಕೈ ತನ್ನಷ್ಟಕ್ಕೆ ಚೀಲದಿಂದ ಕೆಂಪು ಪೆನ್ನು ತೆಗೆದಿದೆ. ಅವಳು ‘ಯಾರಿಗೂ ಹೇಳಲಿಲ್ಲ’ ಎಂದು ಬರೆಯಬೇಕಾದ ಕಡೆಯಲ್ಲೆಲ್ಲ ಳಕಾರದ ಬದಲು ಲಕಾರ ಹಾಕಿದ್ದಳು. ಅದರಿಂದ ವಾಕ್ಯದ ಅರ್ಥ ಎಲ್ಲಿಗೆ ಹೋಗುತ್ತದೆಂದು ಕನ್ನಡ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಫೈಲಿಗೆ ಹೋಗುವ ಕಾಗದದಲ್ಲಿ ಹಾಗಿರಬಾರದು ಎನಿಸಿತು. ಏಳು ಕಡೆ ಸುತ್ತು ಹಾಕಿ, ಅಂಚಿನಲ್ಲಿ ‘ಗಮನಿಸು’ ಎಂದು ಬರೆದು, ಇದನ್ನು ಚೆನ್ನಾಗಿ ಇನ್ನೊಮ್ಮೆ ಬರೆದುಕೊಂಡು ಬಾರಮ್ಮ ಎಂದು ಕೊಟ್ಟೆ. ಅವಳು ಕಾಗದ ನೋಡಿದಳು, ನನ್ನನ್ನು ನೋಡಿದಳು, ಹ್ಞಾಂ ಮೇಡಂ ಎಂದು ಹೋದಳು. ಮರುದಿನದಿಂದ ಕೆಲಸಕ್ಕೆ ಬರಲಿಲ್ಲ.

ಒಂದು ವಾರವಾದ ಮೇಲೆ ದೊಡ್ಡಮ್ಮ ಫೋನು ಮಾಡಿಸಿ ಹೇಳಿದಳು. ‘ದೂರು ಫೇಲಾಯ್ತು’ ಎಂದು ಆ ಹುಡುಗಿ ಟೆಂಪೋದಲ್ಲಿ ಅತ್ತಿದ್ದಳಂತೆ.

ಮಾರನೆಯ ಬೆಳಿಗ್ಗೆ ನಾನು ಕೆಂಚಾರ್ಲಹಳ್ಳಿಯ ಬಸ್ಸು ಹತ್ತಿದೆ. ಅಲ್ಲಿಂದ ಅವಳ ಊರಿಗೆ ಎರಡು ಮೈಲಿ ನಡಿಗೆ. ಅವಳ ಮನೆಯಲ್ಲಿ ರೇಷ್ಮೆ ಹುಳು ಸಾಕಿದ್ದರು. ಹುಳುಗಳು ನಾಲ್ಕನೆಯ ಜ್ವರಕ್ಕೆ ಕೂತಿದ್ದವು, ಎಂದರೆ ಪೊರೆ ಬಿಡುವ ಹೊತ್ತು. ಆಗ ಹೊರಗಿನವರನ್ನು ಹುಳುವಿನ ಮನೆಗೆ ಬಿಡುವುದಿಲ್ಲ. ಅವಳ ಅತ್ತೆ ಒಳಗಿನಿಂದಲೇ, ತಲೆಗೆ ಎಣ್ಣೆಗಿಣ್ಣೆ, ಪೌಡರು ಏನಾದರೂ ಹಾಕಿದ್ದೀರಾ ಎಂದು ವಿಚಾರಿಸಿ, ಹಾಕಿದ್ದೇನೆ ಎಂದಾಗ ಇನ್ನೂ ಹತ್ತು ಹೆಜ್ಜೆ ಹಿಂದೆ ನಿಲ್ಲಲು ಹೇಳಿದರು. ಹಾಗಾಗಿ ನಾನು ಕೊಟ್ಟಿಗೆಯ ಪಕ್ಕ ನಿಂತು, ಹಸುವಿನ ಮೇಲಿಂದ ಕೂಗಿ ಕ್ಷಮೆ ಕೇಳಬೇಕಾಯಿತು. ತಪ್ಪು ನನ್ನದು, ಅದು ನನ್ನ ಕೈಯ ಚಟ, ನಿನ್ನ ದೂರಿನಲ್ಲಿ ಒಂದೂ ತಪ್ಪಿಲ್ಲ ಎಂದು ಕೂಗಿದೆ. ಎದುರು ಮನೆಯವರು ಬಂದು ಜಗಲಿಯಲ್ಲಿ ಕೂತರು.

ಹುಡುಗಿ ಹೊರಗೆ ಬಂದಳು. ಕಣ್ಣು ಕೆಳಗೆ ಹಾಕಿಕೊಂಡೇ ಕುಡಿಯಲು ನೀರು ಕೊಟ್ಟಳು. ಹಿಂದೆಯೇ ಅತ್ತೆ ಬಂದರು. ಕುಳ್ಳಗೆ, ಕೈತುಂಬ ಹಿಪ್ಪುನೇರಳೆ ಸೊಪ್ಪಿನ ಕಲೆ. ನನ್ನನ್ನು ಕೊಟ್ಟಿಗೆಯ ಆಚೆ ಕರೆದುಕೊಂಡು ಹೋಗಿ ಸೆರಗಿನ ಗಂಟಿನಿಂದ ಒಂದು ಫೋನು ತೆಗೆದರು.

ಆ ಫೋನಿನ ಕಥೆ ಹೀಗೆ. ಟೆಂಪೋ ಬರುವ ಹೊತ್ತು ತಿಳಿಸಬೇಕು ಎಂಬ ನೆಪದಲ್ಲಿ ಸೂಪರ್‌ವೈಸರು ಸೊಸೆಯ ವಾಟ್ಸಾಪ್ ನಂಬರು ಕೇಳಿದ್ದ. ಅವಳ ಹತ್ತಿರ ಇದ್ದದ್ದು ಬಟನ್ ಫೋನು. ಬಿಡದೆ ಪೀಡಿಸಿದಾಗ ರೇಷ್ಮೆ ಗೂಡಿನ ರೇಟು ನೋಡಲು ಮನೆಯಲ್ಲಿಟ್ಟಿದ್ದ ಅತ್ತೆಯ ಫೋನಿನ ನಂಬರು ಕೊಟ್ಟುಬಿಟ್ಟಳು. ಆ ನಂಬರಿನ ವಾಟ್ಸಾಪ್ ಚಿತ್ರದಲ್ಲಿ ಇದ್ದದ್ದು ಹಸು. ಮೊದಲು ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಬಂತು. ಮಾರ್ಕೆಟ್ಟಿನವರು ಕಳಿಸಿದ್ದಾರೆ ಎಂದು ಅತ್ತೆ ಸುಮ್ಮನಿದ್ದರು. ಆಮೇಲೆ ಮಾತಿನ ಮೆಸೇಜುಗಳು ಶುರುವಾದವು. ಸೊಸೆಯನ್ನು ಕೂರಿಸಿಕೊಂಡು ಕೇಳಿದಾಗ ಅವಳು ಎಲ್ಲ ಹೇಳಿದಳು. ದೊಣ್ಣೆ ತೆಗೆದುಕೊಂಡು ಹೊರಟ ಮಗನನ್ನು ಇವರೇ ತಡೆದರಂತೆ. ನೀನು ಹೊಡೆದರೆ ನೀನು ಸ್ಟೇಷನ್ನಿನಲ್ಲಿ ಕೂರುತ್ತೀಯ, ಅವನು ಆಸ್ಪತ್ರೆಯಲ್ಲಿ ಎಳನೀರು ಕುಡಿಯುತ್ತಾನೆ, ಸುಮ್ಮನಿರು ಎಂದರಂತೆ. ಸೊಸೆಗೂ, ನೀನು ಇದರ ತಂಟೆಗೆ ಬರಬೇಡ, ನಾನು ನೋಡಿಕೊಳ್ಳುತ್ತೇನೆ ಎಂದರಂತೆ.

ನೋಡಿಕೊಂಡದ್ದು ಹೇಗೆ ಎಂದರೆ, ಅವನು ಏನು ಕೇಳಿದರೂ ಮೈಕಿನ ಬಟನ್ ಒತ್ತಿ ಹಿಡಿದು ‘ಹ್ಞೂಂ’ ಎನ್ನುವುದು. ಅಷ್ಟೇ. ಮೂರು ವಾರ.

ಯಾಕಮ್ಮ ಹಾಗೆ ಮಾಡಿದಿರಿ ಎಂದೆ.

“ಬ್ಯಾಡ ಅಂದಿದ್ರೆ ನಿಲ್ಲಿಸ್ಬಿಡೋನು ಟೀಚರಮ್ಮ. ಆಮೇಲೆ ನಾನು ಏನೂ ಅಂದೇ ಇಲ್ಲ ಅನ್ನೋನು. ಬಾಯಲ್ಲಿರೋದೆಲ್ಲ ಕಕ್ಕಲಿ ಅಂತ ಹ್ಞೂಂ ಅಂದೆ,” ಎಂದರು.

ಹುಡುಗಿಯನ್ನು ಕರೆಸಿ, ಅಲ್ಲೇ ನಿಂತು ನಾನು ದೂರಿನ ಎರಡು ಪುಟವನ್ನೂ, ನನ್ನ ಕೆಂಪು ಸುತ್ತುಗಳ ಸಮೇತ, ವಾಪಸು ತೆಗೆದುಕೊಂಡೆ. ಅದೇ ಫೈಲಿಗೆ ಹೋಯಿತು.

ದೂರು ದಾಖಲಾಯಿತು ಎಂದು ತಿಳಿದದ್ದೇ ಓನರನ ಮುಖ ಸುಟ್ಟ ಬದನೆಕಾಯಿಯಾಯಿತು. ಸೂಪರ್‌ವೈಸರು ಹೋದರೆ ಗಿಡಗಳೂ ಹೋಗುತ್ತವೆ, ಡ್ರಿಪ್ಪಿನಲ್ಲಿ ಬಿಡುವ ಗೊಬ್ಬರದ ನೀರಿನ ಹದ ಅವನೊಬ್ಬನಿಗೇ ಗೊತ್ತು ಎಂದು ನನ್ನ ಬಳಿ ಗೋಗರೆದ. ತಾನೇ ಒಂದು ಪರಿಹಾರವನ್ನೂ ಕಂಡುಹಿಡಿದ. ನಾಳೆಯಿಂದ ಸೂಪರ್‌ವೈಸರು ಎಲ್ಲ ಹೆಂಗಸರನ್ನೂ ‘ಅಕ್ಕ’ ಎಂದೇ ಕರೆಯಬೇಕು, ಹಾಗೆ ಕರೆದ ಮೇಲೆ ಕೆಟ್ಟ ಭಾವನೆ ತಾನಾಗಿ ಹೋಗುತ್ತದೆ ಎಂದ. ಇಂಥ ರಾಜಿ ದೂರು ಕೊಟ್ಟವಳು ಬಯಸಿದರೆ ಮಾತ್ರ, ನಾವು ಹೇರುವ ಹಾಗಿಲ್ಲ ಎಂದು ನಾನು ಹೇಳುವಷ್ಟರಲ್ಲಿ ಅವನು ಆರ್ಡರು ಕೊಟ್ಟಾಗಿತ್ತು. ನಾಲ್ಕೇ ದಿನಕ್ಕೆ ಹೆಂಗಸರು ಬಂದರು. “ಅಕ್ಕ ಅಂತಾನೆ ಮೇಡಂ, ಆದ್ರೆ ಅದೇ ರಾಗದಲ್ಲಿ,” ಎಂದರು. ಒಬ್ಬಳು ಅಂದು ತೋರಿಸಿದಳು. ಅಕ್ಕ ಎಂಬ ಎರಡಕ್ಷರದಲ್ಲಿ ಅಷ್ಟು ಹೊಲಸು ತುಂಬಬಹುದೆಂದು ಮೂವತ್ತೊಂದು ವರ್ಷ ಕನ್ನಡ ಕಲಿಸಿದ ನನಗೆ ತಿಳಿದಿರಲಿಲ್ಲ.

ವಿಚಾರಣೆಯ ದಿನ ಬಂತು. ಸೂಪರ್‌ವೈಸರು ಬರಹದಲ್ಲಿ ಉತ್ತರ ಕೊಟ್ಟಿದ್ದ. ಆಕೆಯೇ ತಾನಾಗಿ ನಂಬರು ಕೊಟ್ಟಳು, ತನ್ನ ಪ್ರತಿ ಮೆಸೇಜಿಗೂ ಹ್ಞೂಂ ಎಂದು ಒಪ್ಪಿಗೆ ಸೂಚಿಸಿದಳು, ಈಗ ಶೆಡ್ಡಿನ ಕೆಲಸ ಸಿಗಲಿಲ್ಲವೆಂಬ ದ್ವೇಷದಿಂದ ದೂರು ಕೊಟ್ಟಿದ್ದಾಳೆ ಎಂದು. ಸಾಕ್ಷಿಗೆ ತನ್ನ ಫೋನನ್ನು ತಾನೇ ತಂದಿದ್ದ.

ಆ ಹುಡುಗಿ ಅವನ ಮುಖ ನೋಡುತ್ತ ಮಾತಾಡುವಂತೆ ಆಗಬಾರದು ಎಂದು ನನ್ನ ಹಟ. ಪರದೆ ಇರಲಿಲ್ಲ. ಹಾಗಾಗಿ ಕಾಯಿ ತುಂಬುವ ಪ್ಲಾಸ್ಟಿಕ್ ಕ್ರೇಟುಗಳನ್ನು ಒಂದರ ಮೇಲೊಂದು ಇಡಿಸಿ ಆಫೀಸಿನ ನಡುವೆ ಗೋಡೆ ಮಾಡಿಸಿದೆ. ಈಚೆ ಕಡೆ ಸೂಪರ್‌ವೈಸರು, ಆಚೆ ಕಡೆ ಹುಡುಗಿ ಮತ್ತು ಜೊತೆಗೆ ಬಂದಿದ್ದ ಅತ್ತೆ. ಎರಡೂ ಕಡೆ ಕಾಣುವಂತೆ ಕೊನೆಯಲ್ಲಿ ನಮ್ಮ ನಾಲ್ಕು ಕುರ್ಚಿ. ಗುಮಾಸ್ತರು ಎಂದಿನಂತೆ ಮಿಕ್ಸ್ಚರು ತರಿಸಿದ್ದರು. ನಾನು ಕಣ್ಣು ಬಿಟ್ಟ ಮೇಲೆ ಮೇಜಿನ ಕೆಳಗೆ ಇಟ್ಟರು.

ಹುಡುಗಿ ನಿಧಾನವಾಗಿ, ಒಂದೂ ಬಿಡದೆ ಹೇಳಿದಳು. ಬೇಡ ಎಂದದ್ದು ಎಲ್ಲಿ, ಯಾರ ಎದುರು, ಆಮೇಲೆ ಒಳಸಾಲಿನಲ್ಲಿ ಎಷ್ಟು ದಿನ. ನಡುವೆ ಒಮ್ಮೆ ನಿಲ್ಲಿಸಿ ನೀರು ಕುಡಿದು ಮತ್ತೆ ಮುಂದುವರಿಸಿದಳು. ಕೇಳಿದ್ದ ಮೂವರು ಹೆಂಗಸರೂ ಬಂದು ಹೌದು ಎಂದರು.

ಅಷ್ಟರಲ್ಲಿ ಬೆಂಗಳೂರಿನ ಲಾರಿ ಬಂತು. ಲೋಡು ಮಾಡುವ ಇಬ್ಬರು ಒಳಗೆ ಬಂದು ನಮ್ಮ ಗೋಡೆಯ ಮೇಲಿನ ಕ್ರೇಟುಗಳನ್ನು ಎತ್ತಿಕೊಂಡು ಹೋದರು. ಖಾಲಿ ಕ್ರೇಟು ಇಡಿ ಎಂದು ನಾನು ಹೇಳಿದ್ದೆ, ಇಟ್ಟವರು ಭರ್ತಿ ಇಟ್ಟಿದ್ದರು. ಲಾರಿ ನಿಲ್ಲುವ ಹಾಗಿರಲಿಲ್ಲ. ಹುಡುಗಿಯ ಹೇಳಿಕೆ ಮುಗಿದಿದ್ದರಿಂದ ಅವಳನ್ನು ಹೊರಗಿನ ಜಗಲಿಗೆ ಕಳಿಸಿದೆ. ಅತ್ತೆ ಮಾತ್ರ ಏಳಲಿಲ್ಲ.

ಈಗ ಸೂಪರ್‌ವೈಸರು ಎದ್ದು ನಿಂತು ತನ್ನ ಫೋನಿನಿಂದ ಮೆಸೇಜು ಕೇಳಿಸಲು ಶುರು ಮಾಡಿದ. ಊಟ ಆಯ್ತಾ ಚಿನ್ನ ಎಂಬ ಅವನ ಧ್ವನಿ. ಹಿಂದೆಯೇ ‘ಹ್ಞೂಂ’. ನನ್ನ ಮೇಲೆ ಕೋಪಾನಾ. ‘ಹ್ಞೂಂ’. ನೋಡಿ ಮೇಡಂ, ಎಷ್ಟು ಪ್ರೀತಿಯಿಂದ ಹೇಳಿದ್ದಾಳೆ ಎಂದ. ಇದನ್ನು ನಡಾವಳಿಯಲ್ಲಿ ಹೇಗೆ ಬರೆಯುವುದು ಎಂದು ಗುಮಾಸ್ತರು ಕೇಳಿದರು. ಹಕಾರಕ್ಕೆ ಞಕಾರದ ಒತ್ತು, ದೀರ್ಘ, ಸೊನ್ನೆ ಎಂದೆ. ಬರೀ ‘ಹೂಂ’ ಸಾಲದೇ ಎಂದರು. ಅದು ಬೇರೆ, ಇದು ಮೂಗಿನಿಂದ ಬಂದದ್ದು ಎಂದೆ. ನಾವಿಬ್ಬರೂ ಇದರ ಮೇಲೆ ಐದು ನಿಮಿಷ ವಾದ ಮಾಡಿದ್ದು ನಡಾವಳಿಯಲ್ಲಿಲ್ಲ. ನಮ್ಮ ವಾದ ಮುಗಿಯುವ ಹೊತ್ತಿಗೆ ಇನ್ನೆರಡು ಸಾಲು ಕ್ರೇಟು ಹೋಗಿ, ಗೋಡೆ ಸೊಂಟದ ಮಟ್ಟಕ್ಕೆ ಇಳಿದು, ಆಚೆ ಕೂತಿದ್ದ ಅತ್ತೆಯ ತಲೆ ಕಾಣಿಸಿತು. ಅವರ ಕೈಯಲ್ಲಿ ಹಸುವಿನ ಚಿತ್ರದ ಫೋನಿತ್ತು.

“ಏಮಯ್ಯಾ, ಆ ಹ್ಞೂಂ ನಂದು,” ಎಂದರು.

ಸೂಪರ್‌ವೈಸರು ಮೊದಲ ಸಲ ಕೂಲಿಂಗ್ ಗ್ಲಾಸು ತೆಗೆದ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾಗಲಿ ಎಂದು ಅತ್ತೆ ಫೋನನ್ನು ಬಾಯಿಯ ಹತ್ತಿರ ಹಿಡಿದು ಇನ್ನೊಮ್ಮೆ ಅಂದರು. ಅವನ ಕೈಯಲ್ಲಿದ್ದ ಫೋನಿನಲ್ಲಿ ಟಿಂಗ್ ಎಂದು ಮೆಸೇಜು ಬಂತು.

ಅವನು ಆ ಫೋನನ್ನು ಜೇಬಿಗೆ ಹಾಕಿಕೊಂಡ. ಉಳಿದವನ್ನು ಅತ್ತೆ ತಮ್ಮ ಫೋನಿನಿಂದ ಕೇಳಿಸಿದರು. ಭಾನುವಾರ ಬೈಕಿನಲ್ಲಿ ನಂದಿ ಕಡೆ ಹೋಗಣ, ಬಂದರೆ ಸೋಮವಾರದಿಂದ ಶೆಡ್ಡಿಗೆ ಹಾಕ್ತೀನಿ, ಬರದಿದ್ದರೆ ಟೆಂಪೋದಿಂದ ಹೆಸರು ತೆಗಿತೀನಿ ಎಂದಿದ್ದ. ನಮಗೆ ಬೇಕಾದದ್ದು ಇದೇ. ಕಾನೂನಿನ ಪುಸ್ತಕದಲ್ಲಿ ಇದೇ ಮಾತು ಬೇರೆ ಪದಗಳಲ್ಲಿತ್ತು. ಇದಕ್ಕೆ ಅತ್ತೆ ಹ್ಞೂಂ ಎಂದಿರಲಿಲ್ಲ. ಉತ್ತರವಾಗಿ ಹಸು ಕೂಗಿದ್ದು ಮಾತ್ರ ಕೇಳಿಸಿತು. ಅದನ್ನೂ ಅವನು ನಾಚಿಕೆ ಎಂದುಕೊಂಡಿದ್ದ ಹಾಗೆ ಮುಂದಿನ ಮೆಸೇಜು ಇತ್ತು: ಆ ಕಮಿಟಿಗೆಲ್ಲ ಹೆದರ್ಬೇಡ, ಅದು ಕಾಗದದ ಮೇಲೆ ಇರೋದು, ಓನರಮ್ಮ ಏನೂ ಗೊತ್ತಾಗದ ಎಮ್ಮೆ, ಆ ಮುದುಕಿ ಟೀಚರು ಮಿಕ್ಸ್ಚರು ತಿನ್ನೋಕೆ ಬರ್ತಾಳೆ.

ನನ್ನ ವಿಷಯದಲ್ಲಿ ಅವನು ಹೇಳಿದ್ದು ಮೂರು ವಾರದ ಮಟ್ಟಿಗೆ ನಿಜವೇ ಆಗಿತ್ತು. ಅಧ್ಯಕ್ಷೆಯಾದ ಓನರಮ್ಮ ಅಲ್ಲಿಯವರೆಗೆ ಯಾವ ಸಭೆಯಲ್ಲೂ ಮಾತಾಡಿದವರಲ್ಲ. ಈಗ ಗುಮಾಸ್ತರ ಕೈಯಿಂದ ಪುಸ್ತಕ ಎಳೆದುಕೊಂಡು, ಆ ಮೆಸೇಜನ್ನು ಮತ್ತೊಮ್ಮೆ ಹಾಕಿಸಿ, ಎಮ್ಮೆಯವರೆಗೂ ತಾವೇ ಅಕ್ಷರ ಅಕ್ಷರವಾಗಿ ಬರೆದುಕೊಂಡರು. ಆ ಒಂದು ಪದ ಇಲ್ಲದಿದ್ದರೆ ಆಕೆ ಏನು ಮಾಡುತ್ತಿದ್ದರೋ ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಮುಗಿಯಿತು ಎಂದುಕೊಂಡಾಗ ದೊಡ್ಡಮ್ಮ ಕುರ್ಚಿಯಿಂದ ಎದ್ದು, ಕ್ರೇಟಿನ ಗೋಡೆ ಸುತ್ತಿ, ದೂರು ಕೊಡುವವರ ಬೆಂಚಿಗೆ ಹೋಗಿ ಕೂತಳು. ತನ್ನದೂ ಒಂದು ದೂರಿದೆ ಎಂದಳು. ಸದಸ್ಯರು ದೂರು ಕೊಡಬಹುದೇ ಎಂದು ಗುಮಾಸ್ತರು ಪುಸ್ತಕ ತಿರುವಿದರು.

“ವಯಸ್ಸಿನ ಹುಡುಗೀರು ನಕ್ಕರೆ ಶೆಡ್ಡು, ನಗದಿದ್ರೆ ಬಿಸಿಲು. ನನ್ನಂಥೋಳು ನಕ್ಕರೂ ಬಿಸಿಲೇ. ಎಂಟು ವರ್ಷದಿಂದ ಒಂದಿನ ಫ್ಯಾನ್ ಕೆಳಗೆ ಕೂರ್ಸಿಲ್ಲ. ನಮಗೇನು ಬಿಸಿಲು ಹತ್ತಲ್ವಾ?” ಎಂದಳು.

ಹೇಳಿ ಮುಗಿಸಿ ಎದ್ದು, ಮತ್ತೆ ಗೋಡೆ ಸುತ್ತಿ ಬಂದು ಸದಸ್ಯೆಯ ಕುರ್ಚಿಯಲ್ಲಿ ಕೂತು, ಈ ದೂರಿನ ಬಗ್ಗೆ ಸಮಿತಿ ಏನು ಹೇಳುತ್ತದೆ ಎಂಬಂತೆ ನನ್ನ ಕಡೆ ನೋಡಿದಳು. ಇದು ನಮ್ಮ ಸಮಿತಿಯ ವ್ಯಾಪ್ತಿಗೆ ಬರುತ್ತದೆಯೇ ಎಂಬುದು ಇವತ್ತಿಗೂ ನನಗೆ ಸರಿಯಾಗಿ ತಿಳಿಯದು. ಆದರೆ ನ್ಯಾಯವಾದ ಮಾತು. ಅವನನ್ನು ಕೆಲಸದಿಂದ ತೆಗೆಯಬೇಕು, ಆ ಹುಡುಗಿ ಕಳೆದುಕೊಂಡ ದಿನಗಳ ಕೂಲಿ ಕೊಡಬೇಕು, ಶೆಡ್ಡು ಮತ್ತು ಒಳಸಾಲಿನ ಕೆಲಸ ವಯಸ್ಸು, ನಗು ನೋಡದೆ ಸರದಿ ಪ್ರಕಾರ ಎಲ್ಲರಿಗೂ ಹಂಚಬೇಕು ಎಂದು ಬರೆದು ನಾವು ಮೂವರು ಸಹಿ ಹಾಕಿದೆವು. ದೊಡ್ಡಮ್ಮ ಹೆಬ್ಬೆಟ್ಟು ಒತ್ತಿದಳು.

ಓನರು ವರದಿ ಓದಿ, ಗಿಡಗಳ ಗತಿ ಏನು ಮಿಸ್ ಎಂದು ನನ್ನನ್ನು ಕೇಳಿದ. ಉತ್ತರ ಕೊಟ್ಟವರು ಅವನ ಹೆಂಡತಿ. ಏನು ಹೇಳಿದರೋ, ಅದು ಮನೆಯೊಳಗೆ ನಡೆದದ್ದು. ಸೂಪರ್‌ವೈಸರು ಶನಿವಾರವೇ ಹೋದ. ಹೋಗುವಾಗ ಗೊಬ್ಬರದ ಹದ ಬರೆದಿಟ್ಟಿದ್ದ ಡೈರಿಯನ್ನೂ ತೆಗೆದುಕೊಂಡು ಹೋದ. ಭಾನುವಾರವೆಲ್ಲ ಓನರು ತಲೆಯ ಮೇಲೆ ಕೈಹೊತ್ತು ಕೂತಿದ್ದನಂತೆ. ಸೋಮವಾರ ಬೆಳಿಗ್ಗೆ ದೊಡ್ಡಮ್ಮ ಟೆಂಪೋ ಇಳಿದು, ಡ್ರಮ್ಮಿನ ಹತ್ತಿರ ಹೋಗಿ, ಬಿಳಿ ಪುಡಿ ಎಷ್ಟು ಡಬ್ಬ, ನೀಲಿಯದು ಎಷ್ಟು, ಮೋಡವಿದ್ದ ದಿನ ಎಷ್ಟು ಕಡಿಮೆ ಎಂದು ಹೇಳುತ್ತ ಕಲಸಿಬಿಟ್ಟಳು. ಎಂಟು ವರ್ಷದಿಂದ ಕಲಸುತ್ತಿದ್ದವಳು ಅವಳೇ. ಅವನು ಪಕ್ಕದಲ್ಲಿ ನಿಂತು ಅವಳನ್ನು ಕೇಳಿಕೊಂಡೇ ಡೈರಿ ಬರೆದಿದ್ದನಂತೆ.

ಕೆಲಸದ ಸರದಿ ಬರೆಯುವುದನ್ನು ಆ ಹುಡುಗಿಗೆ ವಹಿಸಿದರು. ಸರದಿ ಬಂದ ಮೇಲೆ ಜಗಳಗಳೂ ಬಂದವು. ಮೊದಲು ನಕ್ಕು ಶೆಡ್ಡಿನಲ್ಲಿರುತ್ತಿದ್ದ ಇಬ್ಬರು ಬಿಸಿಲಿಗೆ ಬಂದ ದಿನ ಅವಳ ಮೇಲೆ ಮುಖ ಊದಿಸಿಕೊಂಡು, ಅವಳ ಜೊತೆ ಬುತ್ತಿ ಬಿಚ್ಚುವುದನ್ನೇ ಬಿಟ್ಟರು. ಅವರದೂ ಏನು ತಪ್ಪು ಮೇಡಂ, ನೆರಳಿಗೋಸ್ಕರ ನಕ್ಕಿದ್ದರು ಎಂದಳು ನನ್ನ ಬಳಿ. ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಗೇಟಿನ ಹತ್ತಿರ ನಿಂತಿದ್ದಾಗ, ಈಗ ಖುಷಿಯಾಗಿದ್ದೀಯೇನಮ್ಮ ಎಂದು ಕೇಳಿದೆ.

“ಖುಷಿ ಅಂತೇನಿಲ್ಲ ಮೇಡಂ. ಬೆಳಿಗ್ಗೆ ಟೆಂಪೋ ಹತ್ತೋವಾಗ ಹೊಟ್ಟೇಲಿ ಒಂದು ಕಲ್ಲು ಇರ್ತಿತ್ತು. ಈಗ ಇಲ್ಲ. ಅಷ್ಟೇ,” ಎಂದಳು.

ಅಂದು ಆಟೋ ಸಿಗಲಿಲ್ಲ. ಟೆಂಪೋ ಚಿಂತಾಮಣಿಯವರೆಗೂ ಹೋಗಬೇಕಿತ್ತು, ಬನ್ನಿ ಎಂದು ಹೆಂಗಸರೇ ನನ್ನನ್ನು ಹತ್ತಿಸಿದರು. ಇಬ್ಬರು ಮೇಲಿನಿಂದ ಎಳೆದರು, ಒಬ್ಬಳು ಕೆಳಗಿನಿಂದ ನೂಕಿದಳು. ದಾರಿಯುದ್ದಕ್ಕೂ ಪದ ಹೇಳಿದರು, ಅರ್ಧ ತೆಲುಗು ಅರ್ಧ ಕನ್ನಡ. ನೀವೂ ಹೇಳಿ ಎಂದರು, ನನಗೆ ರಾಗ ಬಾರದು ಎಂದು ಚಪ್ಪಾಳೆ ತಟ್ಟಿದೆ. ಸರ್ಕಲ್ಲಿನಲ್ಲಿ ಇಳಿಯುವಾಗ ನನ್ನ ಜೊತೆ ಗಣಿತ ಕಲಿಸುತ್ತಿದ್ದ ಮೇಷ್ಟ್ರು ಎದುರಿಗೇ ನಿಂತಿದ್ದರು. ನನ್ನ ಕೂದಲ ತುಂಬ ಎಲೆ, ಸೀರೆಗೆಲ್ಲ ಮಣ್ಣು. ಎಲ್ಲಿಂದ ಬರುತ್ತಿದ್ದೀರಿ ಮೇಡಂ ಎಂದು ಗಾಬರಿಯಿಂದ ಕೇಳಿದರು.

ತೋಟದಿಂದ ಎಂದೆ.